ಸ್ಕಾಟ್ಲೆಂಡಿನ ಮನೆತನದ ಹೆಸರು ಹುಡುಕುವ ದಾರಿ: ಕಾಸರಗೋಡಿನ ಒಬ್ಬ ಆಧಾರ ಬರಹಗಾರ ಕಂಡಂತೆ

ಸ್ಕಾಟ್ಲೆಂಡಿನ ಒಂದು ಮನೆತನದ ಹೆಸರನ್ನು ಹಿಡಿದು ಹಿಂದಕ್ಕೆ ಹೋಗಬೇಕಾದರೆ ಮೊದಲು ಒಂದು ನಂಬಿಕೆ ಬಿಡಬೇಕು. ಹೆಸರಿಗೆ ಒಂದೇ ಸರಿಯಾದ ಸ್ಪೆಲ್ಲಿಂಗ್ ಇರುತ್ತದೆ ಅನ್ನುವ ನಂಬಿಕೆ ಅದು. ಇನ್ನೂರು ವರ್ಷದ ಹಿಂದೆ ಹಾಗೇನೂ ಇರಲಿಲ್ಲ. ಮನೆಯವರು ಬಾಯಲ್ಲಿ ಹೆಸರು ಹೇಳುತ್ತಿದ್ದರು. ಪಾದ್ರಿಯೋ ಗುಮಾಸ್ತನೋ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ಅದನ್ನು ಓದಿ ತಿದ್ದಲು ಹೇಳಿದವರಿಗೆ ಎಷ್ಟೋ ಸಲ ಅಕ್ಷರವೇ ಬರುತ್ತಿರಲಿಲ್ಲ. ಹಾಗಾಗಿ ಸ್ಪೆಲ್ಲಿಂಗ್ ಹುಡುಕಬೇಡಿ, ಮನುಷ್ಯರನ್ನು ಹುಡುಕಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಾನು ಕಾಸರಗೋಡಿನವನು. ಜಾಗದ ಆಧಾರ, ಅಂದರೆ ಕ್ರಯಪತ್ರದಂಥ ದಸ್ತಾವೇಜು, ಬರೆಯುವುದೇ ನನ್ನ ಕೆಲಸವಾಗಿತ್ತು. 1956ರ ನವೆಂಬರ್ 1ರ ತನಕ ನಮ್ಮ ತಾಲೂಕು ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯದ್ದು. ಆಗಿನ ಆಧಾರಗಳು ಹೆಚ್ಚಾಗಿ ಕನ್ನಡದಲ್ಲಿ. ಆಮೇಲೆ ಮಲಯಾಳ ಬಂತು. ನಡುವೆ ಅಲ್ಲಲ್ಲಿ ಇಂಗ್ಲಿಷ್. ಬಂದವರು ತುಳುವಿನಲ್ಲಿ ಮನೆ ಹೆಸರು ಹೇಳುತ್ತಾರೆ, ಬರೆಯುವುದು ಇನ್ನೊಂದು ಭಾಷೆಯಲ್ಲಿ. ಬದಿಯಡ್ಕದ ಹತ್ತಿರದ ಪಳ್ಳತ್ತಡ್ಕವನ್ನೇ ನೋಡಿ. ಇಂಗ್ಲಿಷಿಗೆ ಹೋದಾಗ ಳಕಾರ ಬರೀ ಎಲ್ ಆಗುತ್ತದೆ. ಆ ಇಂಗ್ಲಿಷ್ ನೋಡಿ ಮತ್ತೆ ನಮ್ಮ ಲಿಪಿಗೆ ತಂದರೆ ಪಲ್ಲತಡ್ಕ ಆಗಿಬಿಡಬಹುದು. ಮನೆ ಅದೇ, ಜನ ಅವರೇ. ದಾಖಲೆಯಲ್ಲಿ ಮಾತ್ರ ಬೇರೆ ಬೇರೆ ಮನೆಯವರಂತೆ ಕಾಣುತ್ತಾರೆ.

ನನ್ನ ತಂಗಿಯ ಮಗಳು ಎಡಿನ್‌ಬರೋದಲ್ಲಿದ್ದಾಳೆ. ಅವಳ ಗಂಡ ಅಲ್ಲಿಯ ಹುಡುಗ, ಮನೆತನ ಮೆಕಿಂಟೈರ್. "ಮಾವ, ಇವರ ಅಜ್ಜನ ಕಾಗದದಲ್ಲಿ ಒಂದು ತರ ಇದೆ, ಮುತ್ತಜ್ಜನದ್ದರಲ್ಲಿ ಇನ್ನೊಂದು ತರ. ಯಾವುದು ಸರಿ ಅಂತ ನೀವೇ ನೋಡಿ ಹೇಳಿ" ಅಂತ ಕೇಳಿದಳು. ಎರಡೂ ಸರಿ ಅಂದೆ. ಅಲ್ಲಿಂದ ಈ ಕೆಲಸ ನನ್ನನ್ನು ಹಿಡಿದುಕೊಂಡಿತು. ಇವತ್ತು ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ಕಡೆ ಮದುವೆಯಾಗಿದ್ದಾರೆ, ಮೊಮ್ಮಕ್ಕಳಿಗೆ ಅಲ್ಲಿಯ ಹೆಸರಿದೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಿವಿ, ಆಮೇಲೆ ಕಾಗದ

ಮನೆಯ ಅತಿ ಹಿರಿಯರಿಂದ ಶುರು ಮಾಡಿ. ಅವರು ಆ ಹೆಸರನ್ನು ಹೇಗೆ ಹೇಳುತ್ತಾರೋ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲಿ ನಮಗೊಂದು ಅನುಕೂಲ ಇದೆ. ಕೇಳಿದ್ದನ್ನು ಕೇಳಿದ ಹಾಗೆ ಬರೆಯಲು ನಮ್ಮ ಲಿಪಿಗೆ ಬರುತ್ತದೆ. ಇಂಗ್ಲಿಷ್ ಕಾಗದವನ್ನು ಮಾತ್ರ ನೋಡಿದವರಿಗೆ ಈ ಸದ್ದು ಸಿಗುವುದಿಲ್ಲ.

ಸದ್ದಿಗೂ ಬರಹಕ್ಕೂ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಮೆಂಜೀಸ್ ಅನ್ನುವ ಹೆಸರು ನೋಡಿ. ಬರಹದಲ್ಲಿ ನಡುವೆ ಝಡ್ ಅಕ್ಷರ ಇದೆ. ಹಳೆಯ ಸ್ಕಾಟಿಷ್ ಬಾಯಲ್ಲಿ ಅದು 'ಮಿಂಗಿಸ್'. ಕಾರಣ ಅಕ್ಷರದ್ದೇ. ಸ್ಕಾಟ್ಸ್ ಅನ್ನುವುದು ಇಂಗ್ಲಿಷಿಗೆ ಹತ್ತಿರದ ಅಲ್ಲಿಯ ಭಾಷೆ. ಅದರ ಹಳೆಯ ಬರಹದಲ್ಲಿ 'ಯೋಗ್' ಅಂತ ಒಂದು ಅಕ್ಷರ ಇತ್ತು. ಅಚ್ಚಿನ ಕಾಲ ಬಂದಾಗ ಮುದ್ರಕರ ಹತ್ತಿರ ಆ ಮೊಳೆ ಇರಲಿಲ್ಲ. ನೋಡಲು ಹತ್ತಿರ ಇದ್ದ ಝಡ್ ಅನ್ನು ಹಾಕಿದರು. ಡಾಲ್ಝೀಲ್ ಅಂತ ಬರೆದದ್ದನ್ನು 'ಡೀಯೆಲ್' ಅಂತ ಓದುವುದೂ ಇದೇ ಕಾರಣಕ್ಕೆ. ಅದೇ ಮನೆತನ ಇನ್ನೊಂದು ಕಡೆ ಝಡ್ ಬದಲು ವೈ ಅಕ್ಷರ ಹಾಕಿ ಬರೆದುಕೊಂಡದ್ದೂ ಉಂಟು. ಕನ್ನಡದವರಿಗೆ ಕೈಫಿಯತ್ತುಗಳಿಂದ, ಅಂದರೆ ಊರೂರಿನ ಚರಿತ್ರೆ ಬರೆಸಿದ ಸಂಗ್ರಹದಿಂದ, ಪರಿಚಯ ಇರುವ ಕಾಲಿನ್ ಮೆಕೆಂಜಿಯ ಹೆಸರಿನಲ್ಲಿರುವ ಝಡ್ ಕೂಡ ಹಾಗೆ ಬಂದದ್ದೇ. ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವರು ಅವರು. ನಮ್ಮಲ್ಲಿಯೇ ಅವರನ್ನು ಮೆಕೆಂಜಿ, ಮೆಕೆಂಝಿ, ಮ್ಯಾಕೆಂಜಿ ಅಂತ ಮೂರು ಬಗೆಯಲ್ಲಿ ಬರೆಯುತ್ತೇವೆ ಅಲ್ವಾ?

ಊರಿನ ಹೆಸರನ್ನೂ ಹೀಗೆಯೇ ಕೇಳಿ ಬರೆದುಕೊಳ್ಳಿ. ಗ್ಲಾಸ್ಗೋ ಪಕ್ಕದ ಒಂದು ಊರಿನ ಬರಹ ನೋಡಿದರೆ 'ಮಿಲ್ನ್‌ಗೇವಿ' ಅಂತ ಓದುತ್ತೇವೆ, ಅಲ್ಲಿಯವರು ಹೇಳುವುದು 'ಮಲ್‌ಗಾಯ್'. ಅಜ್ಜಿ ಹೇಳಿದ ಊರು ಭೂಪಟದಲ್ಲಿ ಇಲ್ಲವೇ ಇಲ್ಲ ಅಂತ ಕೈಬಿಡುವ ಮೊದಲು ಇದು ನೆನಪಿರಲಿ.

ಮನೆಯಲ್ಲಿರುವ ಕಾಗದ ಎಲ್ಲ ತೆಗೆಸಿ. ಮದುವೆ ಪತ್ರ, ಸಾವಿನ ಪತ್ರ, ಸೈನ್ಯದ ಕಾಗದ, ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟ ಮಕ್ಕಳ ಹೆಸರು, ಫೋಟೋದ ಹಿಂದಿನ ಬರಹ, ಸಮಾಧಿ ಕಲ್ಲು. ಪ್ರತಿಯೊಂದರಲ್ಲೂ ಹೆಸರು ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ನಕಲು ಮಾಡಿ. ತಿದ್ದಬೇಡಿ. ಆಧಾರ ಬರೆಯುವಾಗ ನಾನು ಕಲಿತ ಶಿಸ್ತು ಇದು. ಹಳೆಯ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಎತ್ತಿ ಬರೆಯಬೇಕು, ನಮ್ಮ ಅಭಿಪ್ರಾಯ ಬೇರೆ ಸಾಲಿನಲ್ಲಿ.

ಬದಲಾಗುವ ಅಕ್ಷರ, ಉಳಿಯುವ ಅಕ್ಷರ

ಈಗ ಒಂದು ಹಾಳೆಯಲ್ಲಿ ಆ ಹೆಸರಿನ ರೂಪಗಳನ್ನೆಲ್ಲ ಬರೆಯಿರಿ. 'ಮ್ಯಾಕ್' ಇರುವ ಹೆಸರಾದರೆ ಅಲ್ಲಿಂದಲೇ ತೊಡಗಿ. ಸ್ಕಾಟ್ಲೆಂಡಿನ ಬೆಟ್ಟನಾಡು, ದ್ವೀಪಗಳ ಹಳೆಯ ಮಾತಾದ ಗೇಲಿಕ್ ಭಾಷೆಯಲ್ಲಿ ಮ್ಯಾಕ್ ಅಂದರೆ ಮಗ. ಎಂಎಸಿ ಅಂತಲೂ ಬರೆಯುತ್ತಾರೆ, ಎಂಸಿ ಅಂತಲೂ ಬರೆಯುತ್ತಾರೆ, ಎಂ ಹಾಕಿ ಅದರ ಪಕ್ಕ ಮೇಲ್ಗಡೆ ಅಲ್ಪವಿರಾಮದಂತಹ ಚಿಹ್ನೆ ಹಾಕಿಯೂ ಬರೆಯುತ್ತಾರೆ. ಒಂದು ಸ್ಕಾಟಿಷ್, ಇನ್ನೊಂದು ಐರಿಷ್ ಅಂತ ತುಂಬ ಜನ ಹೇಳುವುದು ಕೇಳಿದ್ದೇನೆ. ಅದು ತಪ್ಪು. ಒಂದೇ ಮನುಷ್ಯ ಒಂದೇ ಪುಸ್ತಕದಲ್ಲಿ ಎರಡೂ ರೂಪದಲ್ಲಿ ಸಿಗುತ್ತಾನೆ.

ಮೆಕಿಂಟೈರ್ ಅಂದರೆ ಗೇಲಿಕ್‌ನಲ್ಲಿ ಬಡಗಿಯ ಮಗ. ಬರೆಯುವವರು ಗೇಲಿಕ್ ಗೊತ್ತಿಲ್ಲದವರಾದರೆ ಕೊನೆಯಲ್ಲಿ ಟೈರ್, ಟೀರ್, ಟಿಯರ್ ಏನೂ ಆಗಬಹುದು. ಮ್ಯಾಕ್‌ನ ಕಕಾರ ಮುಂದಿನ ಪದಕ್ಕೆ ಅಂಟಿಕೊಂಡು ನಡುವೆ ಕೆ ಅಕ್ಷರ ಬರಬಹುದು. ಮ್ಯಾಕ್ ಬಿದ್ದುಹೋಗಿ ಬರೀ ಟೈರ್ ಉಳಿಯಬಹುದು. ಇನ್ನೂ ಮುಂದೆ ಹೋಗಿ, ಅರ್ಥ ನೋಡಿ ಇಂಗ್ಲಿಷಿನಲ್ಲಿ ರೈಟ್ ಅಂತ ಮಾಡಿಕೊಂಡವರೂ ಇದ್ದಾರೆ. ಅದರಲ್ಲೂ ಗೇಲಿಕ್ ನಾಡು ಬಿಟ್ಟು ಗ್ಲಾಸ್ಗೋ ಕಡೆ ಕೆಲಸಕ್ಕೆ ಬಂದವರ ಹೆಸರು ಹೀಗೆ ಬದಲಾಗುವುದು ಸಹಜ.

ಇಷ್ಟೆಲ್ಲ ಬದಲಾವಣೆಯಲ್ಲೂ ಒಂದು ಕ್ರಮ ಇದೆ. ಸ್ವರ ಓಡಾಡುತ್ತದೆ, ವ್ಯಂಜನ ನಿಲ್ಲುತ್ತದೆ. ಮೆಕಿಂಟೈರ್‌ನಲ್ಲಿ ಎಂ, ಎನ್, ಟಿ, ಆರ್ ಎಲ್ಲ ರೂಪದಲ್ಲೂ ಸಾಮಾನ್ಯವಾಗಿ ಉಳಿಯುತ್ತವೆ. ದಾಖಲೆಗಳ ವೆಬ್‌ಸೈಟಿನಲ್ಲಿ (ಅದರ ವಿಷಯ ಮುಂದೆ ಬರುತ್ತದೆ) ಹೆಸರು ಹಾಕಿ ಹುಡುಕುವ ಪೆಟ್ಟಿಗೆಯಲ್ಲಿ ಇದನ್ನೇ ಬಳಸಬೇಕು. ನಕ್ಷತ್ರ ಚಿಹ್ನೆ ಹಾಕಿದರೆ ಆ ಜಾಗದಲ್ಲಿ ಎಷ್ಟು ಅಕ್ಷರ ಬೇಕಾದರೂ ಇರಬಹುದು ಅಂತ ಅರ್ಥ. ಪ್ರಶ್ನೆ ಚಿಹ್ನೆ ಹಾಕಿದರೆ ಒಂದೇ ಅಕ್ಷರ. ಎಂ*ಎನ್‌ಟಿ*ಆರ್* ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಮ್ಯಾಕ್ ಹೇಗೇ ಇರಲಿ, ಕೊನೆ ಹೇಗೇ ಇರಲಿ, ಬಹಳಷ್ಟು ರೂಪಗಳು ಒಟ್ಟಿಗೆ ಬರುತ್ತವೆ. ಟೈರ್ ಮತ್ತು ರೈಟ್ ಮಾತ್ರ ಬೇರೆಯಾಗಿ ಹುಡುಕಬೇಕು.

ಬೇರೆ ಹೆಸರುಗಳಲ್ಲಿ ಗಮನಿಸಬೇಕಾದ್ದು ಬೇರೆ. ಹಳೆಯ ಸ್ಕಾಟ್ಸ್ ಬರಹದಲ್ಲಿ ಡಬ್ಲ್ಯೂಎಚ್ ಬದಲು ಕ್ಯೂಯುಎಚ್ ಬರೆಯುತ್ತಿದ್ದರು. ವೈಟ್ ಅನ್ನುವ ಹೆಸರನ್ನು ಕ್ಯೂ ಅಕ್ಷರದ ಕೆಳಗೂ ನೋಡಬೇಕು. ಥಾಮ್ಸನ್ ಅನ್ನುವುದನ್ನು ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಪಿ ಇಲ್ಲದೆ ಬರೆಯುತ್ತಾರೆ. ಹಾಗಂತ ಪಿ ಇರುವ ದಾಖಲೆ ನಮ್ಮದಲ್ಲ ಅಂತ ಬಿಡಬಾರದು. ಕನ್ನಡ ಕರಾವಳಿಯ ಮೊದಲ ಕಲೆಕ್ಟರ್ ಆಗಿ 1799ರಲ್ಲಿ ಬಂದ ಗ್ಲಾಸ್ಗೋದ ಥಾಮಸ್ ಮನ್ರೋ ಅವರ ಮನೆತನದ ಹೆಸರೂ ಯು ಹಾಕಿ, ಒ ಹಾಕಿ, ಕೊನೆಗೆ ಇ ಸೇರಿಸಿ ಹಲವು ಬಗೆಯಲ್ಲಿ ಸಿಗುತ್ತದೆ.

ಮೊದಲ ಹೆಸರುಗಳೂ ಹೀಗೆಯೇ. ಪೀಟರ್ ಮತ್ತು ಪ್ಯಾಟ್ರಿಕ್ ಒಬ್ಬನೇ ಇರಬಹುದು. ಡೊನಾಲ್ಡ್ ಇನ್ನೊಂದು ಕಾಗದದಲ್ಲಿ ಡೇನಿಯಲ್. ಜೀನ್, ಜೇನ್, ಜಾನೆಟ್, ಜೆಸ್ಸಿ ಅಂತ ಒಬ್ಬಳೇ ಹೆಂಗಸು ಬೇರೆ ಬೇರೆ ಕಡೆ ಕಾಣಿಸಿಕೊಳ್ಳುತ್ತಾಳೆ.

1855 ಅನ್ನುವ ಗೆರೆ

ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಕಡ್ಡಾಯ ಜನನ, ಮದುವೆ, ಮರಣ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದರಿಂದ ಈಚೆಗೆ ಕೆಲಸ ಸುಲಭ, ಆಚೆಗೆ ಕಷ್ಟ. ದಾಖಲೆ ಇಡುವುದು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್. ಅವರ ವೆಬ್‌ಸೈಟ್ ಸ್ಕಾಟ್ಲೆಂಡ್ಸ್‌ಪೀಪಲ್. ಹೆಸರು ನೋಂದಾಯಿಸಿಕೊಂಡರೆ ಸೂಚಿಯಲ್ಲಿ ಹುಡುಕುವುದು ಉಚಿತ, ಮೂಲ ಪುಟದ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಹತ್ತಿರದ ಕಾಲದ ಚಿತ್ರಗಳು ಆನ್‌ಲೈನ್‌ನಲ್ಲಿ ತೆರೆಯುವುದಿಲ್ಲ. ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷ ಕಳೆದಿರಬೇಕು. ಅದಕ್ಕಿಂತ ಹೊಸದು ಬೇಕಾದರೆ ಅವರಿಂದಲೇ ಪತ್ರ ತರಿಸಬೇಕು. ಸುಮ್ನೆ ಸಿಕ್ಕಿದ್ದೆಲ್ಲ ತೆರೆಯುತ್ತಾ ಹೋದರೆ ದುಡ್ಡು ಕರಗುತ್ತದೆ. ಮೊದಲು ಸೂಚಿಯಲ್ಲಿ ಊರು, ವರ್ಷ ಹೊಂದಿಸಿ ನೋಡಿ, ಆಮೇಲೆ ಪುಟ ತೆರೆಯಿರಿ.

ಅಲ್ಲಿಯ ಪತ್ರಗಳ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. ಮರಣ ಪತ್ರದಲ್ಲಿ ಸತ್ತವರ ತಂದೆಯ ಹೆಸರು ಇರುತ್ತದೆ, ತಾಯಿಯ ಹೆಸರು ಅವಳ ತವರಿನ ಮನೆತನದ ಸಮೇತ ಇರುತ್ತದೆ. ಮದುವೆ ಪತ್ರದಲ್ಲಿ ಗಂಡು ಹೆಣ್ಣು ಎರಡೂ ಕಡೆಯ ತಂದೆ ತಾಯಿ ಇರುತ್ತಾರೆ. 1861ರಿಂದ ಈಚೆಗಿನ ಜನನ ಪತ್ರದಲ್ಲಿ ತಂದೆ ತಾಯಿಗೆ ಎಲ್ಲಿ, ಯಾವಾಗ ಮದುವೆಯಾಯಿತು ಅಂತ ಇರುತ್ತದೆ. ಇಂಗ್ಲೆಂಡಿನ ಜನನ ಪತ್ರದಲ್ಲಿ ಇದು ಇಲ್ಲ. 1855 ಒಂದು ವರ್ಷದ ಪತ್ರಗಳಲ್ಲಂತೂ ತಂದೆ ತಾಯಿ ಹುಟ್ಟಿದ ಊರು, ವಯಸ್ಸು, ಮುಂಚಿನ ಮಕ್ಕಳು ಎಲ್ಲ ಬರೆದಿದ್ದಾರೆ. ಬರೆಯುವವರಿಗೆ ಕೆಲಸ ಜಾಸ್ತಿಯಾಯಿತು ಅಂತ ಮರುವರ್ಷವೇ ಕಡಿಮೆ ಮಾಡಿದರು. ನಿಮ್ಮ ಮನೆತನದಲ್ಲಿ ಯಾರಾದರೂ ಆ ವರ್ಷ ಹುಟ್ಟಿದ್ದರೆ, ಮದುವೆಯಾಗಿದ್ದರೆ, ಸತ್ತಿದ್ದರೆ ಮೊದಲು ಆ ಪುಟ ತೆರೆಯಿರಿ.

ತಾಯಿಯ ತವರಿನ ಹೆಸರೇ ನಿಮ್ಮ ಕೈಯಲ್ಲಿರುವ ಗಟ್ಟಿ ಹಗ್ಗ. ತಂದೆಯ ಹೆಸರು ಜಾನ್, ಮನೆತನ ಮೆಕಿಂಟೈರ್ ಅಂತ ಒಂದೇ ಪ್ಯಾರಿಷ್‌ನಲ್ಲಿ ಎಷ್ಟೋ ಜನ ಇರಬಹುದು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಗ್ರಾಮ ವ್ಯಾಪ್ತಿ. ಆದರೆ ಹೆಂಡತಿಯ ತವರು ಕ್ಯಾಂಬೆಲ್ ಆಗಿದ್ದು, ಕಸುಬು ಕುರುಬ, ಇದ್ದ ಜಾಗ ಇಂಥದ್ದು ಅಂತ ಮೂರೂ ಕೂಡಿದವನು ಒಬ್ಬನೇ ಸಿಗುವ ಸಂಭವ ಹೆಚ್ಚು. ಹೆಂಗಸರು ಮದುವೆಯಾದ ಮೇಲೂ ಅಲ್ಲಿಯ ದಾಖಲೆಗಳಲ್ಲಿ ತವರಿನ ಹೆಸರು ಉಳಿಸಿಕೊಂಡಿರುತ್ತಾರೆ, ಸಮಾಧಿ ಕಲ್ಲಿನಲ್ಲೂ ಎಷ್ಟೋ ಕಡೆ ಅದೇ ಇರುತ್ತದೆ. ಅವರ ಮರಣವನ್ನು ಎರಡೂ ಹೆಸರಿನಲ್ಲಿ ಹುಡುಕಿ.

ಜನಗಣತಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ, ಸದ್ಯ 1921ರದ್ದರ ತನಕ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುವುದು ಸಾಮಾನ್ಯ. 39 ಇದ್ದವರು 35 ಆಗಿರುತ್ತಾರೆ. 1851ರಿಂದ ಹುಟ್ಟಿದ ಪ್ಯಾರಿಷ್ ಬರುತ್ತದೆ, ಅದು ಬಹಳ ಮುಖ್ಯ.

1855ಕ್ಕಿಂತ ಹಿಂದೆ ಚರ್ಚಿನ ಹಳೆಯ ಪ್ಯಾರಿಷ್ ಪುಸ್ತಕಗಳೇ ಗತಿ. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರಿನ ಎರೊಲ್ ಊರಿನದ್ದು, 1553ರಿಂದ ಇದೆ. ಎಲ್ಲ ಊರಿನದ್ದೂ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಪಶ್ಚಿಮದ ಬೆಟ್ಟಗಳಲ್ಲಿ, ದ್ವೀಪಗಳಲ್ಲಿ ಪುಸ್ತಕ ತುಂಬ ತಡವಾಗಿ ಶುರುವಾಗುತ್ತದೆ. ಪುಸ್ತಕ ಇದ್ದರೂ ಹೆಸರು ಇಲ್ಲದಿರಲು ಕಾರಣಗಳಿವೆ. 1783ರಿಂದ 1794ರ ತನಕ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆ ಇತ್ತು. ಬಡವರು ಬರೆಸಲೇ ಇಲ್ಲ. 1843ರಲ್ಲಿ ಚರ್ಚೇ ಒಡೆದು ಫ್ರೀ ಚರ್ಚ್ ಬೇರೆಯಾಯಿತು. ಆ ಕಡೆ ಹೋದವರ ಮಕ್ಕಳ ಹೆಸರು ಹಳೆಯ ಪುಸ್ತಕದಲ್ಲಿ ಸಿಗದೆ ಹೋಗಬಹುದು. ಕ್ಯಾಥೊಲಿಕರ ಪುಸ್ತಕ ಮೊದಲಿಂದಲೂ ಬೇರೆ.

ಹೆಸರೇ ಬೇರೆಯಾದಾಗ

ನಮ್ಮ ಆಧಾರಗಳಲ್ಲಿ 'ಯಾನೆ' ಅಂತ ಒಂದು ಮಾತು ಬರುತ್ತದೆ. ಒಬ್ಬರಿಗೆ ಎರಡು ಹೆಸರಿದ್ದರೆ ನಡುವೆ ಯಾನೆ ಹಾಕುತ್ತೇವೆ. ಸ್ಕಾಟ್ಲೆಂಡಿನ ಪುಸ್ತಕಗಳಲ್ಲೂ ಒಂದು ಮನೆತನದ ಹೆಸರು ಬರೆದು, 'ಏಲಿಯಾಸ್' ಅಥವಾ 'ಆರ್' ಹಾಕಿ, ಇನ್ನೊಂದು ಮನೆತನದ ಹೆಸರು ಬರೆದಿರುತ್ತಾರೆ. ಅದನ್ನು ಕಂಡರೆ ನಿಲ್ಲಿ. ಎರಡೂ ಹೆಸರಿನಲ್ಲಿ ಹುಡುಕಿ.

ಇದಕ್ಕೆ ದೊಡ್ಡ ಉದಾಹರಣೆ ಮೆಕ್‌ಗ್ರೆಗರ್. 1603ರಲ್ಲಿ ಆರನೇ ಜೇಮ್ಸ್ ರಾಜ ಆ ಹೆಸರನ್ನೇ ನಿಷೇಧಿಸಿದ. ಆ ಹೆಸರು ಇಟ್ಟುಕೊಂಡರೆ ಮರಣದಂಡನೆಯೇ ಆಗಬಹುದಿತ್ತು. ಜನ ಡ್ರಮಂಡ್, ಮರ್ರಿ, ಗ್ರಾಂಟ್, ಕ್ಯಾಂಬೆಲ್ ಅಂತೆಲ್ಲ ಹೆಸರು ಹಾಕಿಕೊಂಡರು. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹಾಕಿದರು, ಪೂರ್ತಿ ಹೋದದ್ದು 1770ರ ದಶಕದಲ್ಲಿ. ಪ್ರಸಿದ್ಧ ರಾಬ್ ರಾಯ್ ಮೆಕ್‌ಗ್ರೆಗರ್ ಕೂಡ ತಾಯಿಯ ಕಡೆಯ ಕ್ಯಾಂಬೆಲ್ ಹೆಸರನ್ನು ಬಳಸಿದ್ದ. ಅಷ್ಟು ತಲೆಮಾರು ಬೇರೆ ಹೆಸರಿನಲ್ಲಿ ಬದುಕಿದವರಲ್ಲಿ ಕೆಲವರು ಹಳೆಯ ಹೆಸರಿಗೆ ಮರಳಲೇ ಇಲ್ಲ.

ಆಸ್ತಿಗಾಗಿ ಹೆಸರು ಬದಲಿಸಿದವರೂ ಇದ್ದಾರೆ. 1801ರಲ್ಲಿ ಮಲಬಾರಿನಿಂದ ನಮ್ಮ ಈ ದಾರಿಯಾಗಿಯೇ ಉತ್ತರಕ್ಕೆ ಹೋದ, ಕಂಪನಿಗಾಗಿ ನಾಡು ಸುತ್ತಿ ವರದಿ ಬರೆದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್ ಮುಂದೆ ತಾಯಿಯ ಕಡೆಯ ಹ್ಯಾಮಿಲ್ಟನ್ ಹೆಸರು ತೆಗೆದುಕೊಂಡರು. ಪುಸ್ತಕದ ಪಟ್ಟಿಯಲ್ಲಿ ಬುಕನನ್, ಹ್ಯಾಮಿಲ್ಟನ್, ಬುಕನನ್ ಹ್ಯಾಮಿಲ್ಟನ್ ಅಂತ ಮೂರು ಕಡೆ ಇರುವುದು ಒಬ್ಬರೇ.

ಉತ್ತರದ ದ್ವೀಪಗಳ ರೀತಿ ಬೇರೆಯೇ. ಶೆಟ್ಲೆಂಡಿನಲ್ಲಿ 19ನೇ ಶತಮಾನದ ತನಕವೂ ತಂದೆಯ ಹೆಸರೇ ಮಕ್ಕಳ ಮನೆತನದ ಹೆಸರಾಗುತ್ತಿತ್ತು. ಆಂಡ್ರ್ಯೂವಿನ ಮಗ ಮ್ಯಾಗ್ನಸ್ ಆಂಡರ್ಸನ್, ಆ ಮ್ಯಾಗ್ನಸ್‌ನ ಮಗ ಮ್ಯಾನ್ಸನ್. ಅಲ್ಲಿ ಒಂದೇ ಮನೆತನದ ಹೆಸರು ಹಿಡಿದು ಹೊರಟರೆ ಒಂದು ತಲೆಮಾರಿಗೇ ದಾರಿ ತಪ್ಪುತ್ತದೆ. ಓರ್ಕ್ನಿಯಲ್ಲಿ ಲಿಂಕ್‌ಲೇಟರ್, ಇಸ್ಬಿಸ್ಟರ್ ಮುಂತಾದವು ಮೂಲದಲ್ಲಿ ಜಾಗದ ಹೆಸರುಗಳು. ಕಯ್ಯಾರ ಅಂದ ಕೂಡಲೇ ಕಿಞ್ಞಣ್ಣ ರೈಗಳನ್ನು ನೆನೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಶಾನ್ಯ ಕರಾವಳಿಯಲ್ಲಿ ಬಕ್ಕಿ ಮುಂತಾದ ಮೀನುಗಾರರ ಊರುಗಳಿವೆ. ಊರಿಗೆ ಊರೇ ಕೆಲವೇ ಮನೆತನದ ಹೆಸರು, ಮೊದಲ ಹೆಸರೂ ಅವೇ ನಾಲ್ಕಾರು. ಗುರುತು ಹಿಡಿಯಲು ಪ್ರತಿ ಕುಟುಂಬಕ್ಕೂ ಒಂದು ಅಡ್ಡಹೆಸರು ಇತ್ತು, 'ಟೀ ನೇಮ್' ಅಂತ ಕರೆಯುತ್ತಿದ್ದರು. ಸರ್ಕಾರಿ ಪುಸ್ತಕದಲ್ಲೂ ಅದನ್ನು ಬರೆದಿದ್ದಾರೆ. ನಿಮ್ಮವರು ಆ ಕರಾವಳಿಯವರಾದರೆ ಮೊದಲು ಅಡ್ಡಹೆಸರು ಏನು ಅಂತ ಪತ್ತೆ ಮಾಡಿ. ಅದಿಲ್ಲದೆ ಅಲ್ಲಿ ಮುಂದೆ ಹೋಗುವುದು ಬಹಳ ಕಷ್ಟ.

ಒಂದು ಮಾತು ಒತ್ತಿ ಹೇಳುತ್ತೇನೆ. ಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಅಲ್ಲ. ಒಬ್ಬ ದೊಡ್ಡ ಯಜಮಾನನ ನೆಲದಲ್ಲಿ ಬದುಕಿದವರು, ಅವನ ರಕ್ಷಣೆ ಬಯಸಿದವರು ಅವನ ಹೆಸರನ್ನೇ ಇಟ್ಟುಕೊಂಡದ್ದು ಉಂಟು. ಅಂಗಡಿಯಲ್ಲಿ ಮನೆತನದ ಲಾಂಛನ ಅಂತ ಮಾರುವುದನ್ನು ಕೊಂಡು ತಂದು ಅದೇ ವಂಶದ ಚರಿತ್ರೆ ಅಂತ ಮಕ್ಕಳಿಗೆ ಹೇಳಬೇಡಿ. ಕುರುಬನಾಗಿ, ನೇಕಾರನಾಗಿ ಬದುಕಿದ ಮುತ್ತಜ್ಜನ ನಿಜವಾದ ಹೆಸರು ಅದಕ್ಕಿಂತ ದೊಡ್ಡದು.

ಊರು ಹಿಡಿಯುವುದು, ಗಂಟು ಹಾಕುವುದು

ದಾಖಲೆಯಲ್ಲಿ ಸಿಕ್ಕಿದ ಮನೆ ಅಥವಾ ಹೊಲದ ಹೆಸರನ್ನು ಭೂಪಟದಲ್ಲಿ ನೋಡಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಹಳೆಯ ಸರ್ವೇ ನಕ್ಷೆಗಳನ್ನು ಉಚಿತವಾಗಿ ತೋರಿಸುತ್ತದೆ. ಒಂಟಿ ಮನೆಗಳೂ ಕಾಣುತ್ತವೆ. 19ನೇ ಶತಮಾನದ ಸರ್ವೇಯವರು ಜಾಗಗಳ ಹೆಸರಿಗೆ ಅಂತಲೇ ಪುಸ್ತಕ ಇಟ್ಟಿದ್ದರು. ಒಂದೊಂದು ಜಾಗಕ್ಕೂ ಯಾವ ಯಾವ ಸ್ಪೆಲ್ಲಿಂಗ್ ಇದೆ, ಯಾರು ಹಾಗೆ ಹೇಳಿದರು ಅಂತ ಪಕ್ಕದಲ್ಲೇ ಬರೆದಿದ್ದಾರೆ. ಇಂಥ ಪುಸ್ತಕ ನಮ್ಮ ಕಾಸರಗೋಡಿಗೂ ಇರುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನಾನು ಮತ್ತೆ ಮತ್ತೆ ಅಂದುಕೊಂಡಿದ್ದೇನೆ.

ನೀವು ಹುಡುಕುವವರು ನಮ್ಮ ಕಡೆ ಕೆಲಸ ಮಾಡಿದವರಾದರೆ, ಲಂಡನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆ, ಅಂದರೆ ಬ್ರಿಟಿಷರ ಕಾಲದ ಭಾರತದ ಆಡಳಿತದ ಕಾಗದಗಳು, ನೋಡಬೇಕು. ಅದರಲ್ಲಿ ಚರ್ಚಿನ ನಮೂದುಗಳು ಬಂಗಾಳ, ಮದ್ರಾಸ್, ಬೊಂಬಾಯಿ ಅಂತ ಮೂರು ವಿಭಾಗ. ಮಂಗಳೂರು, ಕಾಸರಗೋಡು ಮದ್ರಾಸಿನ ಕೆಳಗೆ. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಹೋಯಿತು, ಹಾಗಾಗಿ ಕಾರವಾರದವರನ್ನು ಎರಡೂ ಕಡೆ ನೋಡಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘ ಫಿಬಿಸ್, ಅವರ ಸೂಚಿ ಉಚಿತ. ನಮ್ಮ ಊರುಗಳ ಹೆಸರು ಅಲ್ಲಿ ಹಳೆಯ ಇಂಗ್ಲಿಷ್ ಬರಹದಲ್ಲಿರುತ್ತದೆ. ಕುಂಬಳೆಯನ್ನು, ಕಾಸರಗೋಡನ್ನು ಈಗಿನ ಸ್ಪೆಲ್ಲಿಂಗಿನಲ್ಲಿ ಮಾತ್ರ ಹುಡುಕಿದರೆ ಸಿಗಲಿಕ್ಕಿಲ್ಲ.

ಕೊನೆಗೆ ಎರಡು ದಾಖಲೆಯ ಮನುಷ್ಯ ಒಬ್ಬನೇ ಅಂತ ಯಾವಾಗ ಒಪ್ಪಬೇಕು? ಹೆಸರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೆಂಡತಿ ಅಥವಾ ತಾಯಿಯ ತವರು, ಊರು, ಕಸುಬು, ವಯಸ್ಸು, ಇವುಗಳಲ್ಲಿ ಕನಿಷ್ಠ ಮೂರು ಹೊಂದಬೇಕು. ಮಕ್ಕಳ ಹೆಸರೂ ಸಹಾಯಕ್ಕೆ ಬರುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ಪದ್ಧತಿ ಅಲ್ಲಿತ್ತು. ಎಲ್ಲರೂ ಪಾಲಿಸಲಿಲ್ಲ, ಆದ್ದರಿಂದ ಅದು ಸುಳಿವು ಮಾತ್ರ, ಸಾಕ್ಷಿ ಅಲ್ಲ. ಹಾಳೆಯಲ್ಲಿ ಪ್ರತಿ ಕೊಂಡಿಯ ಎದುರು 'ಖಚಿತ' ಅಥವಾ 'ಇರಬಹುದು' ಅಂತ ಬರೆಯಿರಿ. ಇರಬಹುದು ಅನ್ನುವುದರ ಮೇಲೆ ಇನ್ನೊಂದು ಇರಬಹುದು ಕಟ್ಟಬೇಡಿ.

ನಮ್ಮ ಹುಡುಗನ ಮನೆತನ ಆರ್ಗೈಲಿನ ಗ್ಲೆನೋರ್ಕಿ ಪ್ಯಾರಿಷ್ ತನಕ ಖಚಿತವಾಗಿ ಹೋಗಿದೆ. ಅಲ್ಲಿ ಒಂದೇ ಕಾಲದಲ್ಲಿ ಇಬ್ಬರು ಡಂಕನ್ ಮೆಕಿಂಟೈರ್ ಇದ್ದಾರೆ. ಸೂಚಿ ನೋಡಿದರೆ ಯಾರು ನಮ್ಮವರು ಅಂತ ಹೇಳಲು ಆಗುವುದಿಲ್ಲ. ಹಾಳೆಯಲ್ಲಿ ಇಬ್ಬರನ್ನೂ ಬರೆದು ಎದುರಿಗೆ 'ಇರಬಹುದು' ಅಂತ ಹಾಕಿದ್ದೇನೆ. ಚರ್ಚಿನ ಹಿರಿಯರ ಸಭೆಯ ನಡಾವಳಿ ಪುಸ್ತಕಗಳಿವೆ, ಕರ್ಕ್ ಸೆಷನ್ ಅನ್ನುತ್ತಾರೆ. ಬಡವರಿಗೆ ಕೊಟ್ಟ ಸಹಾಯ, ಜಗಳ, ಮದುವೆಯ ತಕರಾರು ಎಲ್ಲ ಅದರಲ್ಲಿ ಬರುತ್ತದೆ. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಅವುಗಳ ಪುಟಗಳನ್ನು ಉಚಿತವಾಗಿ ಓದಬಹುದು. ಪುಟ ಪುಟ ತಿರುವಿ ಓದಬೇಕು, ಕೈಬರಹ ಕಷ್ಟ. ಈಗ ತಂಗಿಯ ಮಗಳು ಅಲ್ಲಿಂದ, ನಾನು ಇಲ್ಲಿಂದ ಅದನ್ನೇ ಓದುತ್ತಿದ್ದೇವೆ.